ಕಿಯಾ ಕಾರ್ನಿವಲ್ ಡೀಸೆಲ್: ಮೂರನೆಯ ಸಾಲಿನಲ್ಲಿ ಕುಳಿತು ನೋಡಿದಾಗ

ಕುಟುಂಬದ ವ್ಯಾನ್ ಹೇಗಿದೆ ಎಂದು ತಿಳಿಯಬೇಕಾದರೆ ಮೊದಲು ಅದರ ಕೊನೆಯ ಸಾಲಿಗೆ ಹೋಗಿ ಕುಳಿತುಕೊಳ್ಳಬೇಕು. ಕೊಳ್ಳುವವರು ಬಾಗಿಲು ತೆರೆದೊಡನೆ ಕೂರುವುದು ಚಾಲಕನ ಆಸನದಲ್ಲಿ ಎಂಬುದು ತಯಾರಕರಿಗೆಲ್ಲ ಗೊತ್ತು, ಆದ್ದರಿಂದ ಅಲ್ಲಿ ಯಾರೂ ಕೈ ಬಿಗಿ ಹಿಡಿಯುವುದಿಲ್ಲ. ಉಳಿತಾಯ ನಡೆಯುವುದು ಹಿಂದೆ. ದಿಂಬಿನ ಉದ್ದದಲ್ಲಿ ಎರಡು ಬೆರಳು, ಫೋಮಿನ ದಪ್ಪದಲ್ಲಿ ಒಂದು ಬೆರಳು, ನೆಲದಿಂದ ಆಸನಕ್ಕಿರುವ ಎತ್ತರದಲ್ಲಿ ನಾಲ್ಕು ಬೆರಳು ಕಡಿಮೆಯಾದರೆ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಒಂದು ಗಂಟೆ ಕುಳಿತವರ ಸೊಂಟಕ್ಕೆ ಎಲ್ಲವೂ ತಿಳಿಯುತ್ತದೆ.

ನಾನು ಕುಶನ್ ಕೆಲಸ ಮಾಡುವವಳು. ಸೋಫಾ, ಊಟದ ಕುರ್ಚಿ, ಓದುವ ಕುರ್ಚಿಗಳಿಗೆ ಫೋಮ್ ಕತ್ತರಿಸಿ, ಹೊದಿಕೆ ಹೊಲಿದು ಕೂರಿಸುವುದು ನನ್ನ ದುಡಿಮೆ. ಹಾಗಾಗಿ ಯಾವ ವಾಹನ ಹತ್ತಿದರೂ ನನ್ನ ಕೈ ಮೊದಲು ಹೋಗುವುದು ಸೀಟಿನ ಅಂಚಿಗೆ, ಹೊಲಿಗೆಯ ಸಾಲಿಗೆ. ನಮ್ಮ ಮನೆಯಲ್ಲಿರುವುದು ನಾಲ್ಕನೆಯ ತಲೆಮಾರಿನ ಕಿಯಾ ಕಾರ್ನಿವಲ್, 2.2 ಲೀಟರ್ ಡೀಸೆಲ್ ಎಂಜಿನ್, ಎಂಟು ಆಸನಗಳ ಮಾದರಿ. ನನ್ನ ಮೈದುನನ ಬಳಿ ಇರುವುದೂ ಇದೇ ವ್ಯಾನ್, ಆದರೆ ಏಳು ಆಸನಗಳದ್ದು. ನಡುವಿನ ಸಾಲಿನಲ್ಲಿ ಕಾಲು ಚಾಚಿ ಮಲಗುವಂತೆ ಒರಗುವ ಎರಡು ದೊಡ್ಡ ಆಸನಗಳಿವೆ. ಎರಡರಲ್ಲೂ ಎಲ್ಲ ಸಾಲುಗಳಲ್ಲೂ ದೂರ ಪ್ರಯಾಣ ಮಾಡಿರುವುದರಿಂದ ಇಲ್ಲಿ ಬರೆಯುವುದು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು.

ಮೂರನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮೂರು ಸಾಲುಗಳ ಎಸ್‌ಯುವಿಗಳಲ್ಲಿ ಕೊನೆಯ ಸಾಲು ಸಾಮಾನ್ಯವಾಗಿ ಹಿಂದಿನ ಚಕ್ರಗಳ ಅಚ್ಚಿನ (ಆಕ್ಸಲ್) ಮೇಲೆಯೇ ಬಂದು ಕೂರುತ್ತದೆ. ಅಚ್ಚು, ಸಸ್ಪೆನ್ಷನ್, ಇಂಧನ ಟ್ಯಾಂಕ್ ಇವೆಲ್ಲ ಕೆಳಗೆ ಜಾಗ ಹಿಡಿದಿರುವುದರಿಂದ ಅಲ್ಲಿ ನೆಲ ಮೇಲೇರುತ್ತದೆ. ಮೇಲೆ ಚಾವಣಿ ಇಳಿಯುತ್ತಾ ಬರುತ್ತದೆ. ನಡುವೆ ಉಳಿದ ಸಂದಿಯಲ್ಲಿ ಆಸನವನ್ನು ತುರುಕಿದಾಗ ದಿಂಬು ನೆಲಕ್ಕೆ ಅಂಟಿಕೊಂಡಂತಾಗಿ, ಕುಳಿತವರ ಮಂಡಿ ಎದೆಯ ಕಡೆಗೆ ಏಳುತ್ತದೆ. ಮಂಡಿ ಮೇಲೆದ್ದಾಗ ತೊಡೆ ದಿಂಬಿನಿಂದ ಬೇರ್ಪಡುತ್ತದೆ. ದೇಹದ ಭಾರವೆಲ್ಲ ಎರಡು ಕೂರುವ ಮೂಳೆಗಳ ಮೇಲೆ ಬೀಳುತ್ತದೆ. ಎಂಥ ಒಳ್ಳೆಯ ಫೋಮ್ ಹಾಕಿದರೂ ಈ ತಪ್ಪನ್ನು ಸರಿಪಡಿಸಲಾಗದು. ಊಟದ ಕುರ್ಚಿಯ ಎತ್ತರವನ್ನು ನಾವು 42ರಿಂದ 45 ಸೆಂಟಿಮೀಟರ್ ಇಡುವುದು ಸುಮ್ಮನೆ ಅಲ್ಲ. ಪಾದ ನೆಲದಲ್ಲಿ ಚಪ್ಪಟೆಯಾಗಿ ಊರಿ, ತೊಡೆಯ ಉದ್ದಕ್ಕೂ ಭಾರ ಹರಡಬೇಕು. ವಾಹನದಲ್ಲಿ ಅಷ್ಟು ಎತ್ತರ ಸಿಗದು, ಆದರೆ ತತ್ತ್ವ ಅದೇ.

ಕಾರ್ನಿವಲ್ ಇಲ್ಲಿ ಗೆಲ್ಲುತ್ತದೆ. ಎರಡು ಅಚ್ಚುಗಳ ನಡುವಿನ ಅಂತರ 3,090 ಮಿಲಿಮೀಟರ್. ಎಂಜಿನ್ ಮುಂಭಾಗದಲ್ಲಿ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ, ಹಾಗಾಗಿ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡ ಹೊಟ್ಟೆಯಡಿ ಹಾದುಹೋಗುವ ಅಗತ್ಯವಿಲ್ಲ. ಈ ಎರಡು ಕಾರಣಗಳಿಂದ ನೆಲ ತಗ್ಗಾಗಿದೆ, ಹಿಂದಿನವರೆಗೂ ಹೆಚ್ಚುಕಡಿಮೆ ಸಮವಾಗಿದೆ. ನನ್ನ ಗಂಡ ಎತ್ತರದ ಆಳು. ಮೂರನೆಯ ಸಾಲಿನ ಕಿಟಕಿಯ ಬದಿಯಲ್ಲಿ ಕುಳಿತಾಗ ಅವರ ತೊಡೆಯ ಕೆಳಗೆ ನನ್ನ ಅಂಗೈ ತೂರಲು ಜಾಗವಿರಲಿಲ್ಲ. ಅಂದರೆ ತೊಡೆ ದಿಂಬಿನ ಮೇಲೆ ಒರಗಿದೆ ಎಂದರ್ಥ. ಆಸನ ಆರಿಸುವಾಗ ನಾನು ಮಾಡುವ ಪರೀಕ್ಷೆ ಇದೊಂದೇ, ಇದಕ್ಕೆ ಯಾವ ಉಪಕರಣವೂ ಬೇಡ. ಮೂರು ಸಾಲಿನ ಯಾವ ವಾಹನ ನೋಡಲು ಹೋದರೂ ಮಾಡಿ ನೋಡಿ.

ಆ ಸಾಲಿನ ನಡುವಿನ ಆಸನವನ್ನು ಮಾತ್ರ ದೊಡ್ಡವರ ಲೆಕ್ಕಕ್ಕೆ ಹಿಡಿಯಬೇಡಿ. ಕಿರಿದಾಗಿದೆ, ಬೆನ್ನಿನ ದಿಂಬು ಗಟ್ಟಿ. ಎಂಟು ಆಸನ ಎಂಬ ಮಾತನ್ನು ಏಳು ದೊಡ್ಡವರು ಮತ್ತು ಒಂದು ಮಗು ಎಂದು ಓದಿಕೊಂಡರೆ ಸರಿಯಾಗುತ್ತದೆ.

ಈ ಸಾಲಿನ ಹಿಂದೆ ಇರುವ ತಗ್ಗಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಇಡೀ ವ್ಯಾನಿನಲ್ಲಿ ನನಗೆ ಅತ್ಯಂತ ಇಷ್ಟವಾದ ವಿನ್ಯಾಸ ಇದೇ. ಹಿಂಬಾಗಿಲು ಎತ್ತಿದರೆ ಎದುರಿಗೆ ಕಾಣುವುದು ಸಮತಟ್ಟಾದ ನೆಲ ಅಲ್ಲ, ಒಂದು ಆಳವಾದ ತೊಟ್ಟಿ. ಮೂರನೆಯ ಸಾಲು ಬೇಡವಾದಾಗ ಅದು ಹಿಂದಕ್ಕೆ ಮಗುಚಿ ಈ ತೊಟ್ಟಿಯೊಳಗೆ ಇಳಿದು ಮಾಯವಾಗುತ್ತದೆ, ನೆಲ ಸಮವಾಗುತ್ತದೆ. ಸಾಲು ಬೇಕಾದಾಗ ಅದೇ ತೊಟ್ಟಿ ಸಾಮಾನು ಇಡುವ ಜಾಗ. ಎಂಟೂ ಆಸನಗಳು ಎದ್ದು ನಿಂತಿರುವಾಗಲೂ ಹಿಂದೆ 627 ಲೀಟರ್ ಜಾಗವಿದೆ. ದೊಡ್ಡ ಸೂಟ್‌ಕೇಸುಗಳನ್ನು ನಿಲ್ಲಿಸಿ ಇಡಬಹುದು. ತೊಟ್ಟಿಯ ಅಂಚು ಅವುಗಳನ್ನು ಹಿಡಿದುಕೊಳ್ಳುವುದರಿಂದ ಹಿಂಬಾಗಿಲು ತೆರೆದಾಗ ಕಾಲಿನ ಮೇಲೆ ಬೀಳುವುದಿಲ್ಲ. ಏಳು ಜನ ಕುಳಿತ ಎಷ್ಟೋ ಎಸ್‌ಯುವಿಗಳಲ್ಲಿ ಸಾಮಾನು ಚಾವಣಿಯ ಮೇಲೆ ಏರುವುದನ್ನು ನೋಡಿದ್ದೇನೆ. ಇಲ್ಲಿ ಜನ ಮತ್ತು ಸಾಮಾನು ಎರಡೂ ಒಳಗೇ ಹಿಡಿಯುತ್ತವೆ. ಸಾಲನ್ನು ಮಡಚುವ ಕೆಲಸ ಕೈಯಿಂದ ಮಾಡಬೇಕು, ಪಟ್ಟಿಯೊಂದನ್ನು ಎಳೆದು ತೂಕವನ್ನು ಅದರ ಪಾಡಿಗೆ ಬೀಳಲು ಬಿಟ್ಟರೆ ಸಾಕು. ಮೇಲೆತ್ತುವಾಗ ಸ್ವಲ್ಪ ಬಲ ಬೇಕು. ಬೆನ್ನು ನೋವಿರುವವರು ಬೇರೆಯವರಿಗೆ ಹೇಳಿ ಮಾಡಿಸಿ.

ಇನ್ನು ಬಾಗಿಲು. ನಮ್ಮ ಅತ್ತೆಯವರಿಗೆ ಎರಡೂ ಮಂಡಿ ನೋವು. ಎತ್ತರದ ಎಸ್‌ಯುವಿ ಹತ್ತಬೇಕಾದರೆ ಅವರು ಮೊದಲು ಒಂದು ಕಾಲನ್ನು ಎತ್ತಿ ಇಟ್ಟು, ಆ ಒಂದೇ ಮಂಡಿಯ ಮೇಲೆ ಇಡೀ ಮೈಯನ್ನು ಮೇಲೆಳೆದುಕೊಳ್ಳಬೇಕು. ಇಳಿಯುವಾಗ ಇನ್ನೂ ಕಷ್ಟ, ಕೆಳಗೆ ಕಾಣದ ನೆಲಕ್ಕೆ ಕಾಲು ಬಿಡಬೇಕು. ತಗ್ಗಾದ ಸೆಡಾನ್ ಕಾರಿನಲ್ಲಿ ತೊಂದರೆ ಉಲ್ಟಾ: ಆಸನ ಮಂಡಿಗಿಂತ ಕೆಳಗಿರುವುದರಿಂದ ಏಳುವಾಗ ಎರಡು ಜನ ಕೈ ಹಿಡಿಯಬೇಕು. ಕಾರ್ನಿವಲ್‌ನಲ್ಲಿ ಹೊಸ್ತಿಲು ತಗ್ಗು, ಆಸನದ ಎತ್ತರ ಮಾತ್ರ ಸೊಂಟದ ಹತ್ತಿರ. ಅವರು ಬೆನ್ನು ತಿರುಗಿಸಿ, ಆಸನದ ಅಂಚಿನ ಮೇಲೆ ಕುಳಿತು, ಆಮೇಲೆ ಎರಡು ಕಾಲನ್ನೂ ಒಟ್ಟಿಗೆ ಒಳಗೆ ತಂದುಕೊಳ್ಳುತ್ತಾರೆ. ಬಾಗಿಲು ಹಿಂದಕ್ಕೆ ಜಾರಿ ಪೂರ್ತಿ ದಾರಿ ಬಿಟ್ಟಿರುವುದರಿಂದಲೇ ಹೀಗೆ ತಿರುಗಲು ಸಾಧ್ಯ. ಮೊದಲ ಸಲ ಯಾರ ನೆರವೂ ಇಲ್ಲದೆ ಹತ್ತಿ ಕುಳಿತಾಗ ಅವರು ನನ್ನ ಕಡೆ ನೋಡಿ, “ಇದನ್ನೇ ಇಟ್ಟುಕೊಳ್ಳಿ ಮಗಳೇ, ಬೇರೆ ನೋಡಬೇಡಿ” ಎಂದರು. ನಮ್ಮ ಮನೆಯಲ್ಲಿ ತೀರ್ಮಾನವಾಗಿದ್ದು ಅಲ್ಲೇ.

ಜಾರುಬಾಗಿಲು ಹೊಸದೇನಲ್ಲ. ಫೋಕ್ಸ್‌ವ್ಯಾಗನ್ ತನ್ನ ಎರಡನೆಯ ತಲೆಮಾರಿನ ಟ್ರಾನ್ಸ್‌ಪೋರ್ಟರ್‌ಗೆ 1967ರಲ್ಲಿಯೇ ಇದನ್ನು ಖಾಯಂ ಮಾಡಿತ್ತು. ಆದರೂ ಇವತ್ತಿಗೂ ಜನ ಇದನ್ನು ಸರಕು ಗಾಡಿಯ ಬಾಗಿಲು ಎಂದು ಕೀಳಾಗಿ ನೋಡುವುದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ. ಪಕ್ಕದಲ್ಲಿ ಇನ್ನೊಂದು ವಾಹನ ಒತ್ತಿಕೊಂಡು ನಿಂತಾಗ ಮಗುವನ್ನು ಸುರಕ್ಷಾ ಆಸನದಲ್ಲಿ ಕೂರಿಸಿ ಬೆಲ್ಟ್ ಹಾಕಲು ಪ್ರಯತ್ನಿಸಿದವರಿಗೆ ಇದರ ಬೆಲೆ ಗೊತ್ತು. ಮಕ್ಕಳು ಬಾಗಿಲನ್ನು ಜೋರಾಗಿ ತಳ್ಳಿ ಪಕ್ಕದ ಕಾರಿಗೆ ಬಡಿಯುವ ಭಯವಿಲ್ಲ. ಕಾರ್ನಿವಲ್‌ನ ಮೇಲಿನ ದರ್ಜೆಗಳಲ್ಲಿ ಬಾಗಿಲು ವಿದ್ಯುತ್ತಿನಿಂದ ಚಲಿಸುತ್ತದೆ; ಹಿಂದಿನಿಂದ ವಾಹನ ಬರುತ್ತಿರುವುದು ಗೊತ್ತಾದರೆ ಬಾಗಿಲು ತೆರೆಯದಂತೆ ತಡೆಯುವ ವ್ಯವಸ್ಥೆಯೂ ಇದೆ. ಒಂದು ಮಾತು: ವಿದ್ಯುತ್ ಬಾಗಿಲು ಚಲಿಸುವುದು ಅದರದೇ ನಿಧಾನದಲ್ಲಿ. ಅವಸರದಲ್ಲಿ ಕೈಯಿಂದ ಎಳೆಯುವ ಅಭ್ಯಾಸ ಮಕ್ಕಳಿಗೆ ಬೇಗ ಬರುತ್ತದೆ. ಬಾಗಿಲು ಜಾರುವ ಹಳಿಯಲ್ಲಿ ಮಣ್ಣು, ತಿಂಡಿಯ ಚೂರು ಸೇರದಂತೆ ಆಗಾಗ ಬ್ರಷ್ ಹಾಕಿದರೆ ಬಾಗಿಲು ಬಹುಕಾಲ ಸದ್ದಿಲ್ಲದೆ ಸರಿಯುತ್ತದೆ.

ಈಗ ನಡುವಿನ ಸಾಲು. ಇಲ್ಲಿ ನನ್ನ ಅಭಿಪ್ರಾಯ ಬಹಳ ಜನರ ಅಭಿಪ್ರಾಯಕ್ಕೆ ವಿರುದ್ಧ. ಮೈದುನನ ವ್ಯಾನಿನಲ್ಲಿರುವ ಒರಗುವ ಆಸನಗಳನ್ನು ನೋಡಿದವರೆಲ್ಲ ಬೆರಗಾಗುತ್ತಾರೆ. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ ಹೋಗುತ್ತದೆ, ದಿಂಬಿನ ಮುಂಭಾಗ ಮೇಲೇಳುತ್ತದೆ, ಮೀನಖಂಡದ ಕೆಳಗೆ ಆಸರೆ ಬರುತ್ತದೆ. ಕೆಲಸಗಾರಿಕೆಯೂ ಉತ್ತಮವಾಗಿದೆ: ಹೊದಿಕೆಯ ತುಂಡುಗಳು ಸೇರುವಲ್ಲಿ ಹೊಲಿಗೆ ನೇರವಾಗಿದೆ, ಮೂಲೆಗಳಲ್ಲಿ ಸುಕ್ಕಿಲ್ಲ, ಕುಳಿತಾಗ ಹೊಲಿಗೆಯ ದಾರ ತೊಡೆಗೆ ಒತ್ತುವ ಜಾಗದಲ್ಲಿ ಬಂದಿಲ್ಲ. ಇಬ್ಬರೇ ಹಿಂದೆ ಕುಳಿತು ಹೋಗುವುದಾದರೆ ಇದಕ್ಕಿಂತ ಸುಖವಾದ ಆಸನ ಸಿಗುವುದು ಕಷ್ಟ.

ಆದರೆ ವ್ಯಾನ್ ತುಂಬಿದಾಗ ನೋಡಿ. ಕಾಲಾಸರೆಯನ್ನು ಪೂರ್ತಿ ಚಾಚಬೇಕಾದರೆ ಆಸನವನ್ನು ಹಿಂದಕ್ಕೆ ಸರಿಸಬೇಕು, ಸರಿಸಿದರೆ ಮೂರನೆಯ ಸಾಲಿನಲ್ಲಿರುವವರ ಮಂಡಿ ಇಕ್ಕಟ್ಟಾಗುತ್ತದೆ. ಒಬ್ಬರು ಮಲಗಿದಾಗ ಇನ್ನೊಬ್ಬರು ಮುದುಡಿಕೊಳ್ಳಬೇಕಾದ ವ್ಯವಸ್ಥೆಯನ್ನು ಕುಟುಂಬದ ಆಸನ ಎಂದು ನಾನು ಕರೆಯಲಾರೆ. ಇನ್ನೊಂದು ಸಂಗತಿ ಸುರಕ್ಷತೆಯದು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಬೆಲ್ಟಿನ ಕೆಳಗಿನ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು. ಬೆನ್ನನ್ನು ಪೂರ್ತಿ ಒರಗಿಸಿ ಮಲಗಿದಾಗ ಸೊಂಟ ತಿರುಗುತ್ತದೆ, ಪಟ್ಟಿ ಮೂಳೆಯಿಂದ ಜಾರಿ ಹೊಟ್ಟೆಯ ಮೆತ್ತನೆಯ ಭಾಗಕ್ಕೆ ಬರುತ್ತದೆ. ಜೋರಾಗಿ ಬ್ರೇಕ್ ಬಿದ್ದರೆ ಅಥವಾ ಡಿಕ್ಕಿಯಾದರೆ ದೇಹ ಪಟ್ಟಿಯ ಕೆಳಗಿನಿಂದ ಮುಂದಕ್ಕೆ ಜಾರುತ್ತದೆ. ಭುಜದ ಪಟ್ಟಿಯೂ ಎದೆಯಿಂದ ದೂರ ಉಳಿಯುತ್ತದೆ. ಹಾಗಾಗಿ ಆ ಆಸನದ ಅರ್ಧ ಗುಣವನ್ನು ವಾಹನ ನಿಂತಾಗ ಮಾತ್ರ ಬಳಸಬೇಕು. ಚಲಿಸುವಾಗ ಬಳಸಬಾರದ ಸೌಕರ್ಯಕ್ಕೆ ಅಷ್ಟು ತೂಕ, ಅಷ್ಟು ಮೋಟಾರು, ಅಷ್ಟು ಹಣ ಏಕೆ?

ನಮ್ಮ ವ್ಯಾನಿನ ನಡುವಿನ ಸಾಲು ಮೂರು ಸರಳ ಆಸನಗಳದ್ದು. ಪ್ರತಿಯೊಂದೂ ಬೇರೆ ಬೇರೆಯಾಗಿ ಹಿಂದೆ ಮುಂದೆ ಸರಿಯುತ್ತದೆ, ಬೇಕಾದರೆ ಕಳಚಿ ಹೊರಗೆ ತೆಗೆಯಬಹುದು. ನಡುವಿನ ಆಸನದ ಬೆನ್ನು ಮಡಚಿದರೆ ಮೇಜಾಗುತ್ತದೆ. ಅದನ್ನು ಮುಂದಿನ ಆಸನಗಳ ಹತ್ತಿರ ತಂದು ಮಗುವನ್ನು ಕೂರಿಸಿದರೆ, ಮುಂದೆ ಕುಳಿತ ನನಗೆ ಕೈ ಚಾಚಿ ನೀರಿನ ಸೀಸೆ ಕೊಡಲು, ಮೂಗು ಒರೆಸಲು ಆಗುತ್ತದೆ. ಈ ಒಂದು ಅನುಕೂಲವನ್ನು ಚಿಕ್ಕ ಮಕ್ಕಳಿರುವ ತಾಯಂದಿರು ಯಾವ ಒರಗುವ ಆಸನಕ್ಕೂ ಬಿಟ್ಟುಕೊಡುವುದಿಲ್ಲ. ನಾನು ಆಸನಗಳನ್ನು ಕಳಚುವುದು ಸೋಫಾದ ಚೌಕಟ್ಟು ಸಾಗಿಸಬೇಕಾದಾಗ. ಆಸನ ಭಾರವಾಗಿದೆ, ಇಬ್ಬರು ಬೇಕು. ಕ್ರೈಸ್ಲರ್ 2005ರ ಮಾದರಿಗಳಿಂದಲೇ ತನ್ನ ವ್ಯಾನುಗಳಲ್ಲಿ ನಡುವಿನ ಸಾಲನ್ನೂ ನೆಲದೊಳಗೆ ಹುದುಗಿಸುವ ವಿಧಾನ ತಂದಿತು. ಅಲ್ಲಿ ಏನನ್ನೂ ಹೊರಗೆ ಹೊರಬೇಕಿಲ್ಲ. ಆದರೆ ನೆಲದಲ್ಲಿ ಹುದುಗಬೇಕಾದ ದಿಂಬು ತೆಳ್ಳಗಿರಲೇಬೇಕು. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ದಪ್ಪ ದಿಂಬನ್ನೇ ಆರಿಸುತ್ತೇನೆ.

ದಿಂಬಿನ ಮಾತು ಬಂದಿತಲ್ಲ, ಫೋಮಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಸೋಫಾಗೆ ನಾವು 32 ಅಥವಾ 40 ಸಾಂದ್ರತೆಯ (ಘನ ಮೀಟರಿಗೆ ಅಷ್ಟು ಕಿಲೋ ತೂಗುವ) ಹಾಳೆಗಳನ್ನು ಕತ್ತರಿಸಿ ಅಂಟಿಸುತ್ತೇವೆ. ವಾಹನದ ದಿಂಬು ಹಾಗಲ್ಲ, ಎರಕದ ಅಚ್ಚಿನೊಳಗೆ ದ್ರವವನ್ನು ಸುರಿದು ಉಬ್ಬಿಸಿ ಒಂದೇ ತುಂಡಾಗಿ ತೆಗೆಯುತ್ತಾರೆ. ಹಾಗಾಗಿ ಬದಿಗಳು ಗಟ್ಟಿ, ನಡುವು ಮೆತ್ತಗೆ ಎಂಬಂಥ ವ್ಯತ್ಯಾಸವನ್ನು ಅದರಲ್ಲಿಯೇ ತರಬಹುದು. ಅಂಗಡಿಯಲ್ಲಿ ಐದು ನಿಮಿಷ ಕುಳಿತಾಗ ಮೆತ್ತನೆಯ ದಿಂಬು ಮನಸ್ಸನ್ನು ಗೆಲ್ಲುತ್ತದೆ. ದೂರ ಪ್ರಯಾಣದಲ್ಲಿ ದೇಹವನ್ನು ಕಾಯುವುದು ಸ್ವಲ್ಪ ಬಿಗಿಯಾದದ್ದೇ. ಕಾರ್ನಿವಲ್‌ನ ದಿಂಬು ಬಿಗಿ ಕಡೆಗಿದೆ. ಮೊದಲ ದಿನ ನನ್ನ ಅತ್ತಿಗೆ “ಹಲಗೆಯ ಹಾಗಿದೆ” ಎಂದಿದ್ದರು, ಬೆಳಗಿನಿಂದ ಸಂಜೆಯವರೆಗಿನ ಪ್ರಯಾಣ ಮುಗಿಸಿ ಇಳಿದಾಗ ಆ ಮಾತನ್ನು ಮತ್ತೆ ಎತ್ತಲಿಲ್ಲ. ದಿಂಬಿನ ಮುಂದಿನ ಅಂಚನ್ನು ಕೆಳಗೆ ದುಂಡಗೆ ಇಳಿಸಿರುವುದು ಒಳ್ಳೆಯ ಕೆಲಸ. ಆ ಅಂಚು ಚೂಪಾಗಿದ್ದರೆ ಮಂಡಿಯ ಹಿಂಭಾಗದಲ್ಲಿ ಒತ್ತಿ ರಕ್ತ ಓಡಾಟಕ್ಕೆ ಅಡ್ಡಿಯಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ. ಕುಳ್ಳಗಿರುವ ನನ್ನಂಥವರಿಗೆ ಈ ಅಂಚೇ ಮುಖ್ಯ.

ಡೀಸೆಲ್ ಎಂಜಿನ್ನಿಗೂ ಆರಾಮಕ್ಕೂ ಏನು ಸಂಬಂಧ ಎಂದು ಕೇಳಬಹುದು. ಬಹಳ ಇದೆ. ಎಂಟು ಜನ, ಅವರ ಸಾಮಾನು, 2 ಟನ್‌ಗಿಂತ ಹೆಚ್ಚು ತೂಗುವ ವ್ಯಾನ್ ಸೇರಿ ಏರುದಾರಿ ಹತ್ತುವಾಗ ಎಂಜಿನ್ ಎಷ್ಟು ಒದ್ದಾಡುತ್ತದೆ ಎಂಬುದು ಒಳಗೆ ಕುಳಿತವರ ಕುತ್ತಿಗೆಗೆ ಗೊತ್ತಾಗುತ್ತದೆ. ಈ 2.2 ಎಂಜಿನ್ 440 ನ್ಯೂಟನ್ ಮೀಟರ್ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ನಿಮಿಷಕ್ಕೆ 1,750 ಸುತ್ತಿನಲ್ಲಿಯೇ ಪೂರ್ತಿಯಾಗಿ ಕೊಡುತ್ತದೆ. ಹಾಗಾಗಿ ಎಂಟು ಗೇರಿನ ಆಟೊಮ್ಯಾಟಿಕ್ ಪದೇ ಪದೇ ಕೆಳಗಿನ ಗೇರಿಗೆ ಇಳಿಯಬೇಕಾಗಿಲ್ಲ. ಪ್ರತಿ ಸಲ ಗೇರ್ ಇಳಿದು ವಾಹನ ಮುಂದಕ್ಕೆ ಎಗರಿದಾಗ ಎಂಟು ತಲೆಗಳು ಒಟ್ಟಿಗೆ ತೂಗುತ್ತವೆ, ನಿದ್ದೆಹೋದ ಮಗು ಎಚ್ಚರವಾಗುತ್ತದೆ. ಅದಿಲ್ಲದ ಏರು ಎಷ್ಟು ಹಿತ ಎಂಬುದು ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಚೆನ್ನಾಗಿ ಅರ್ಥವಾಗುತ್ತದೆ. 72 ಲೀಟರ್ ಟ್ಯಾಂಕ್ ತುಂಬಿಸಿದರೆ ನಿಲ್ಲಬೇಕಾದದ್ದು ನಮ್ಮ ಹೊಟ್ಟೆಗಾಗಿ, ವ್ಯಾನಿನ ಹೊಟ್ಟೆಗಾಗಿ ಅಲ್ಲ.

ಸದ್ದು ಇದೆ, ಇಲ್ಲವೆಂದು ಹೇಳುವುದಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಬಿಸಿಗೆ ಇಂಧನ ತಾನಾಗಿ ಹೊತ್ತಿಕೊಳ್ಳುತ್ತದೆ. ಆ ದಹನ ಪೆಟ್ರೋಲಿನದಕ್ಕಿಂತ ಒರಟು. ನಿಂತಲ್ಲಿ ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ 25 ಬಾರಿ ಹೊತ್ತಿಕೊಳ್ಳುತ್ತದೆ, ಆ ಕಂಪನ ಎಂಜಿನ್ ಕೂರುವ ರಬ್ಬರ್ ತಳಗಳನ್ನು ದಾಟಿ ಸ್ಟಿಯರಿಂಗ್‌ಗೆ, ಮುಂದಿನ ಆಸನದ ಹಳಿಗೆ ತಲುಪುತ್ತದೆ. ಬೆಳಗಿನ ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಹೊರಗೆ ನಿಂತವರಿಗೆ ಅದು ಡೀಸೆಲ್ ಎಂದು ತಕ್ಷಣ ತಿಳಿಯುತ್ತದೆ. ಆದರೆ ಕಿಟಕಿ ಏರಿಸಿ ಹೆದ್ದಾರಿ ಸೇರಿದ ಮೇಲೆ ಎಂಜಿನ್ನಿಗಿಂತ ಟೈರಿನ ಸದ್ದೇ ಮುಂದು. ಮೂರನೆಯ ಸಾಲಿನಲ್ಲಿ ಕುಳಿತವರು ಚಾಲಕನ ಜೊತೆ ಮಾತನಾಡಬೇಕಾದರೆ ಸ್ವಲ್ಪ ದನಿ ಏರಿಸಬೇಕು. ಕೆಲವು ದರ್ಜೆಗಳಲ್ಲಿ ಚಾಲಕನ ದನಿಯನ್ನು ಹಿಂದಿನ ಸ್ಪೀಕರಿಗೆ ಕಳುಹಿಸುವ ಏರ್ಪಾಡು ಇರುವುದು ಇದಕ್ಕಾಗಿಯೇ.

ದಿನವೂ ಮಕ್ಕಳನ್ನು ಹತ್ತಿರದ ಶಾಲೆಗೆ ಬಿಟ್ಟು ಬರುವುದಷ್ಟೇ ನಿಮ್ಮ ಓಡಾಟವಾದರೆ ಡೀಸೆಲ್ ಬೇಡ. ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕ ಇಂದಿನ ಎಲ್ಲ ಡೀಸೆಲ್ ವ್ಯಾನುಗಳಲ್ಲೂ ಇರುತ್ತದೆ. ತುಂಬಿದ ಮಸಿಯನ್ನು ಸುಟ್ಟು ಬೂದಿ ಮಾಡಲು ಹೊಗೆಕೊಳವೆಯ ಬಿಸಿ 600 ಡಿಗ್ರಿಯ ಆಸುಪಾಸಿಗೆ ಏರಬೇಕು, ಅದಕ್ಕೆ ನಿಲ್ಲದೆ ಸಾಗುವ ಓಟ ಬೇಕು. ಎಂಜಿನ್ ಬಿಸಿಯಾಗುವ ಮೊದಲೇ ಮನೆ ಬಂದುಬಿಟ್ಟರೆ ಮಸಿ ಕಟ್ಟುತ್ತಲೇ ಹೋಗುತ್ತದೆ, ಒಂದು ದಿನ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಇದು ಯಾವುದೋ ಒಂದು ಕಂಪನಿಯ ದೋಷವಲ್ಲ, ಡೀಸೆಲ್ಲಿನ ಸ್ವಭಾವ. ದೂರ ಓಡುವ ದೊಡ್ಡ ಕುಟುಂಬಕ್ಕೆ ಮಾತ್ರ ಇದು ತಕ್ಕದ್ದು.

ನನ್ನ ಮಗಳಿಗೆ ಪ್ರಯಾಣದಲ್ಲಿ ವಾಂತಿ ಬರುತ್ತದೆ. ಹಾಗಾಗಿ ತೂಗಾಟದ ಬಗ್ಗೆ ನಮ್ಮಷ್ಟು ಗಮನ ಕೊಡುವವರು ಕಡಿಮೆ. ಕಿವಿಯೊಳಗಿನ ಸಮತೋಲನದ ಅಂಗ “ನೀನು ಚಲಿಸುತ್ತಿದ್ದೀಯೆ” ಎಂದು ಹೇಳುತ್ತದೆ, ಎದುರಿನ ಆಸನದ ಬೆನ್ನನ್ನೋ ಮೊಬೈಲನ್ನೋ ನೋಡುವ ಕಣ್ಣು “ಇಲ್ಲ” ಎನ್ನುತ್ತದೆ. ಈ ಜಗಳವೇ ವಾಂತಿಗೆ ಕಾರಣ. ಸೆಕೆಂಡಿಗೆ ಒಂದು ಬಾರಿಗಿಂತ ಬಹಳ ನಿಧಾನವಾದ, ಐದು ಸೆಕೆಂಡಿಗೆ ಒಂದರಂತಿರುವ ತೂಗಾಟ ಹೊಟ್ಟೆಯನ್ನು ಹೆಚ್ಚು ಕೆಡಿಸುತ್ತದೆ. ತಿರುವುಗಳ ದಾರಿಯಲ್ಲಿ ಎತ್ತರದ ವಾಹನ ಬದಿಯಿಂದ ಬದಿಗೆ ಓಲುವುದು ಇಂಥ ತೂಗಾಟ. ಕಾರ್ನಿವಲ್‌ನ ಭಾರ ತಗ್ಗಿನಲ್ಲಿರುವುದರಿಂದ ಓಲಾಟ ಕಡಿಮೆ. ಹಿಂದಿನ ಚಕ್ರಗಳಿಗೆ ಮಲ್ಟಿಲಿಂಕ್ ಸಸ್ಪೆನ್ಷನ್ ಇದೆ, ಎಡ ಚಕ್ರ ಗುಂಡಿಗೆ ಇಳಿದಾಗ ಬಲ ಚಕ್ರ ಅದರ ಜೊತೆ ಎಗರಬೇಕಾಗಿಲ್ಲ. ಇಬ್ಬರೇ ಇದ್ದಾಗ ಚಿಕ್ಕ ಗುಂಡಿಗಳು ಸ್ವಲ್ಪ ಒರಟಾಗಿ ತಟ್ಟುತ್ತವೆ, ಐದಾರು ಜನ ಕುಳಿತ ಮೇಲೆ ಮೃದುವಾಗುತ್ತದೆ. ಭಾರ ಹೊರಲು ಕಟ್ಟಿದ ಸ್ಪ್ರಿಂಗ್ ಹಾಗೆಯೇ ಇರಬೇಕು.

ಮಗಳಿಗೆ ನಾವು ಕೊಟ್ಟಿರುವ ಜಾಗ ನಡುವಿನ ಸಾಲಿನ ಕಿಟಕಿ. ಎರಡು ಅಚ್ಚುಗಳ ನಡುವೆ ಕುಳಿತವರಿಗೆ ಏರಿಳಿತ ಕಡಿಮೆ. ಅಚ್ಚಿನ ಮೇಲೆ ಕುಳಿತವರಿಗೆ ಹೆಚ್ಚು. ಈ ವ್ಯಾನಿನ ನಡುವಿನ ಕಿಟಕಿ ದೊಡ್ಡದು, ಅದರ ಕೆಳಅಂಚು ಮಗುವಿನ ಭುಜಕ್ಕಿಂತ ಕೆಳಗೇ ಇದೆ, ಹೊರಗಿನ ದಿಗಂತ ಕಾಣುತ್ತದೆ. ಇತ್ತೀಚಿನ ಎಷ್ಟೋ ವಾಹನಗಳಲ್ಲಿ ಅಂದಕ್ಕಾಗಿ ಕಿಟಕಿಯ ಗೆರೆಯನ್ನು ಹಿಂದಕ್ಕೆ ಹೋದಂತೆ ಮೇಲಕ್ಕೆ ಏರಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಅದು ಚುರುಕಾಗಿ ಕಾಣಬಹುದು, ಒಳಗೆ ಕುಳಿತ ಮಗುವಿಗೆ ಮಾತ್ರ ಗೋಡೆ. ಹಿಂದಿನ ಎರಡು ಸಾಲಿಗೂ ಚಾವಣಿಯಿಂದ ಗಾಳಿ ಬರುವ ಕಿಂಡಿಗಳಿರುವುದು ವಾಂತಿಯ ಮಕ್ಕಳಿಗೆ ದೊಡ್ಡ ಉಪಕಾರ.

ಹೊರಗಿನ ರೂಪದ ಬಗ್ಗೆ ನನಗೊಂದು ತಕರಾರಿದೆ. 2020ರಲ್ಲಿ ಈ ತಲೆಮಾರು ಬಂದಾಗ ಕಿಯಾ ಇದನ್ನು ಮಿನಿವ್ಯಾನ್ ಎಂದು ಕರೆಯುವ ಬದಲು ‘ಗ್ರ್ಯಾಂಡ್ ಯುಟಿಲಿಟಿ ವೆಹಿಕಲ್’ ಎಂದು ಕರೆಯಿತು. ಮುಂದೆ ನಿಮಿರಿದ ಮೂತಿ, ಎಸ್‌ಯುವಿಯಂಥ ಬಾನೆಟ್, ಹಿಂದಿನ ಕಿಟಕಿಯ ಮುಂದಿನ ಕಂಬಕ್ಕೆ ವಜ್ರದ ಪಟ್ಟಿಗಳಂಥ ಹೊಳೆಯುವ ಫಲಕ. ಕೆಲಸ ಅಚ್ಚುಕಟ್ಟಾಗಿದೆ, ಒಪ್ಪುತ್ತೇನೆ. ಆದರೆ ಇದು ವ್ಯಾನ್ ಆಗಿರುವುದಕ್ಕೆ ನಾಚಿಕೊಳ್ಳಬೇಕಾದ ಕಾರಣವೇನು? 1984ರ ರೆನೊ ಎಸ್ಪಾಸ್‌ನ ಚಿತ್ರ ನೋಡಿ. ಮೂತಿಯ ತುದಿಯಿಂದ ಗಾಜಿನವರೆಗೆ ಒಂದೇ ಓರೆಯ ಗೆರೆ, ಉಳಿದದ್ದೆಲ್ಲ ಜನರಿಗೆ ಜಾಗ. ನೋಡಿದೊಡನೆ ಇದು ಯಾತಕ್ಕಾಗಿ ಮಾಡಿದ ವಾಹನ ಎಂದು ತಿಳಿಯುತ್ತದೆ. ಕಾರ್ನಿವಲ್ ಒಳಗೆ ಅಷ್ಟೇ ಪ್ರಾಮಾಣಿಕವಾದ ವ್ಯಾನ್, ಹೊರಗೆ ಬೇರೇನೋ ಆಗಲು ಹೊರಟಿದೆ. ಉದ್ದದ ಬಾನೆಟ್ಟಿನ ತುದಿ ಚಾಲಕನಿಗೆ ಕಾಣುವುದಿಲ್ಲ, ಇಕ್ಕಟ್ಟಿನಲ್ಲಿ ಕ್ಯಾಮೆರಾವನ್ನೇ ನಂಬಬೇಕು. 5,155 ಮಿಲಿಮೀಟರ್ ಉದ್ದ, 1,995 ಮಿಲಿಮೀಟರ್ ಅಗಲದ ವಾಹನಕ್ಕೆ ಇದು ಸಣ್ಣ ಮಾತಲ್ಲ. ಕೊಳ್ಳುವ ಮೊದಲು ನಿಮ್ಮ ಮನೆಯ ಗೇಟನ್ನು ಟೇಪು ಹಿಡಿದು ಅಳೆಯಿರಿ. ಆ ಅಗಲದಲ್ಲಿ ಬದಿಯ ಕನ್ನಡಿಗಳು ಸೇರಿಲ್ಲ.

ಮುಂದಿನ ಸಾಲಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 12.3 ಇಂಚಿನ ಎರಡು ಪರದೆಗಳು ಒಂದೇ ಬಾಗಿದ ಚೌಕಟ್ಟಿನಲ್ಲಿವೆ, ಓದಲು ಸುಲಭ. ಮೇಲ್ದರ್ಜೆಗೇರಿಸಿದ ಹೊಸ ಆವೃತ್ತಿಯಲ್ಲಿ ಎಸಿ ಮತ್ತು ರೇಡಿಯೊ ಎರಡಕ್ಕೂ ಒಂದೇ ಸ್ಪರ್ಶಪಟ್ಟಿ ಇಟ್ಟು, ಒತ್ತಿ ಬದಲಾಯಿಸಿಕೊಳ್ಳುವಂತೆ ಮಾಡಿದ್ದಾರೆ. ಕುಲುಕುವ ದಾರಿಯಲ್ಲಿ ಕಣ್ಣು ತೆಗೆಯದೆ ಬೆರಳಿಗೆ ಸಿಗುವುದು ಉಬ್ಬಿದ ಗುಂಡಿಯೇ; ಹಳೆಯ ಗುಂಡಿಗಳು ನನಗೆ ಹೆಚ್ಚು ಹಿಡಿಸುತ್ತವೆ.

ಪೂರ್ತಿ ಭಾರ ಹೇರಿದಾಗ ಒಂದು ಎಚ್ಚರ ಬೇಕು. ಮುಂದಿನ ಚಕ್ರಗಳು ಎಳೆಯುವ ವಾಹನ ಇದು, ನಾಲ್ಕೂ ಚಕ್ರ ಎಳೆಯುವ ಆಯ್ಕೆ ಇಲ್ಲ. ಹಿಂದೆ ಜನ, ಸಾಮಾನು ತುಂಬಿ ಕಡಿದಾದ ಏರಿನಲ್ಲಿ ನಿಂತು ಹೊರಡುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರವಾಗುತ್ತದೆ. ಮಳೆಯಲ್ಲಿ, ಜಲ್ಲಿಯಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಬೇಕು. ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬೇರೆ ಗಾಳಿಯ ಒತ್ತಡ ಬರೆದಿದ್ದರೆ ಹೊರಡುವ ಮುನ್ನ ಅದಕ್ಕೆ ತಕ್ಕಂತೆ ಟೈರಿಗೆ ಗಾಳಿ ತುಂಬಿಸಿ, ಇದರಿಂದ ಹಿಂಭಾಗದ ಅಲುಗಾಟ ಕಡಿಮೆಯಾಗುತ್ತದೆ.

ಹೊದಿಕೆ ಆರಿಸುವ ಅವಕಾಶ ಇದ್ದರೆ ತಿಳಿಬಣ್ಣದ ಚರ್ಮದ ಹೊದಿಕೆಯನ್ನು ಚಿಕ್ಕ ಮಕ್ಕಳಿರುವ ಮನೆಯವರು ಬಿಟ್ಟುಬಿಡಿ. ಸಣ್ಣ ತೂತುಗಳಿರುವ, ಗಾಳಿ ಆಡುವ ಆಸನ ಬೆನ್ನು ಬೆವರದಂತೆ ಕಾಯುತ್ತದೆ ನಿಜ, ಆದರೆ ಆ ತೂತುಗಳಿಗೆ ಸೇರಿದ ಹಾಲು, ಹಣ್ಣಿನ ರಸವನ್ನು ತೆಗೆಯುವುದು ನಮ್ಮ ಕಸುಬಿನವರಿಗೂ ಕಷ್ಟ. ಕಡುಬಣ್ಣದ ಹೊದಿಕೆ ತೆಗೆದುಕೊಂಡು, ಮಗುವಿನ ಸುರಕ್ಷಾ ಆಸನದ ಕೆಳಗೆ ದಪ್ಪ ಚಾಪೆ ಹಾಸಿ. ಆಸನದ ಬದಿಯಿಂದ ಗಾಳಿಚೀಲ ಹೊರಬರುವುದರಿಂದ ಹೊರಗಿನ ಸೀಟು ಕವರುಗಳನ್ನು ಹಾಕಿಸಬೇಡಿ. ಹಾಕಿಸಲೇಬೇಕೆಂದಿದ್ದರೆ ಬದಿಯ ಹೊಲಿಗೆಯನ್ನು ಗಾಳಿಚೀಲಕ್ಕೆ ಬಿಟ್ಟುಕೊಡುವಂತೆ ಮಾಡಿರುವ ಕವರನ್ನೇ ಕೇಳಿ.

ನನ್ನ ಆಯ್ಕೆ ಎಂಟು ಆಸನಗಳ ಮಾದರಿ, ವಿದ್ಯುತ್ ಬಾಗಿಲು ಬರುವ ದರ್ಜೆ, ಒರಗುವ ಆಸನಗಳಿಲ್ಲದೆ. ಹಿಂದೆ ಸದಾ ಇಬ್ಬರೇ ಕೂರುವ ಮನೆಯವರು ಮೈದುನನ ಮಾದರಿಯನ್ನು ಸಂತೋಷದಿಂದ ತೆಗೆದುಕೊಳ್ಳಬಹುದು. ನೋಡಲು ಹೋಗುವಾಗ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ, ಎಲ್ಲರನ್ನೂ ಅವರವರ ಜಾಗದಲ್ಲಿ ಕೂರಿಸಿ, ಬಾಗಿಲು ಹಾಕಿ, ಅರ್ಧ ಗಂಟೆ ಓಡಿಸಿ. ಮೂರನೆಯ ಸಾಲಿನಲ್ಲಿ ಕುಳಿತವರನ್ನು ಮೊದಲು ಕೇಳಿ.